ಬಿಸಿಲಿನ ಅರಿವು: ಉಷ್ಣಬಾಧೆಗೆ ಸಸ್ಯಕೋಶವು ತೋರುವ ಪ್ರತಿಕ್ರಿಯೆ

2022ನೆಯ ಇಸವಿಯ ಮಾರ್ಚಿ ತಿಂಗಳು ಭಾರತದಲ್ಲಿ ಅದುವರೆಗೆ ದಾಖಲಾಗಿದ್ದ ಮಾರ್ಚಿಗಳಲ್ಲೆಲ್ಲ ಅತ್ಯಂತ ಬಿಸಿಯಾದುದೆಂದು ಹವಾಮಾನ ಇಲಾಖೆಯವರು ಪ್ರಕಟಿಸಿದರು. ಅವರ ಲೆಕ್ಕವು 1901ರಿಂದ ಆರಂಭವಾಗುತ್ತದೆ. ಆ ಹೊತ್ತಿಗೆ ಪಂಜಾಬು ಹರಿಯಾಣಗಳ ಗೋದಿಯ ತೆನೆಗಳಲ್ಲಿ ಕಾಳು ಹಾಲುಗಟ್ಟಿ ತುಂಬಿಕೊಳ್ಳುತ್ತಿತ್ತು. ಆ ಹೊಲಗಳು ಬಹುಮಟ್ಟಿಗೆ ನೀರಾವರಿಯವು. ಆದರೂ ಕಾಳು ತುಂಬಲಿಲ್ಲ, ಸುಕ್ಕಿಹೋಯಿತು. ಕೇಂದ್ರ ಸರ್ಕಾರವು ಮೊದಲು 1113 ಲಕ್ಷ ಟನ್ ಎಂದು ಅಂದಾಜು ಮಾಡಿದ್ದ ಆ ಸಾಲಿನ ಗೋದಿಯ ಬೆಳೆಯನ್ನು ಮೇ ತಿಂಗಳಲ್ಲಿ 1064 ಲಕ್ಷ ಟನ್ನಿಗೆ ಇಳಿಸಿತು. ಮೇ 13ರಂದು ಗೋದಿಯ ರಫ್ತನ್ನು ತಡೆಯಿತು. ಸುಕ್ಕಿದ ಕಾಳು ನೂರಕ್ಕೆ 6ನ್ನು ಮೀರಬಾರದೆಂದು ಇದ್ದ ಖರೀದಿಯ ನಿಯಮವನ್ನು ಈ ಎರಡು ರಾಜ್ಯಗಳ ಮಟ್ಟಿಗೆ ಸಡಿಲಿಸಿ, 18ರವರೆಗೂ ಬೆಲೆ ಕಡಿಯದೆ ಕೊಳ್ಳಲು ಒಪ್ಪಿತು.

ಇತಿಹಾಸದ ಅಧ್ಯಾಪಕರಾದ ನಮಗೆ ಸಸ್ಯಕೋಶದ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಮೇಲಿನ ಸಂಗತಿಯೇ ಅದಕ್ಕೆ ಉತ್ತರ. ಬರಗಾಲಗಳನ್ನು ಕುರಿತು ಪಾಠ ಹೇಳುವಾಗ ನಾವು ಬೆಳೆ ಹೋದುದಕ್ಕೆ ಮಳೆಯ ಲೆಕ್ಕವೊಂದನ್ನೇ ಕಾರಣವಾಗಿ ಹೇಳುತ್ತ ಬಂದವರು. ಕಂದಾಯದ ಕಾಗದಗಳು ನಮ್ಮನ್ನು ಆ ದಾರಿಗೆ ಹಚ್ಚಿವೆ. ಬೆಳೆಯನ್ನು ಹದಿನಾರಾಣೆಗೆ ಹೋಲಿಸಿ ಬರೆಯುವ ಆಣೆವಾರಿಯ ಪಕ್ಕದಲ್ಲಿ ಮಳೆ ಎಷ್ಟು ಇಂಚು ಬಿದ್ದಿತು, ಕೆರೆಯಲ್ಲಿ ನೀರು ಎಷ್ಟಿದ್ದಿತು ಎಂಬುದನ್ನು ಅವು ಹೇಳುತ್ತವೆಯೇ ಹೊರತು, ಪೈರು ಹೂಬಿಟ್ಟ ವಾರದಲ್ಲಿ ಬಿಸಿಲು ಎಷ್ಟಿದ್ದಿತು ಎಂಬುದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಬೇರು ನೀರಿನಲ್ಲಿಯೇ ಇದ್ದು, ಎಲೆ ಹಸುರಾಗಿಯೇ ಇದ್ದು, ಕಾಳು ಮಾತ್ರ ಜೊಳ್ಳಾಗುವುದೆಂದರೆ ಅದು ಬಾಯಾರಿಕೆಯ ಸಾವಲ್ಲ. ಹಾಗಾದರೆ ಅದೇನು? ಈ ಪ್ರಶ್ನೆಯನ್ನು ಹಿಡಿದು ನಾವು ಸಸ್ಯಶಾಸ್ತ್ರ ವಿಭಾಗದ ಮಿತ್ರರ ಬಾಗಿಲು ತಟ್ಟಿದೆವು. ಅವರು ಕೊಟ್ಟ ಲೇಖನಗಳನ್ನು ಓದಿ ನಾವು ತಿಳಿದುಕೊಂಡುದನ್ನು, ನಮ್ಮಂತೆಯೇ ವಿಜ್ಞಾನದ ಹೊರಗಿರುವ ವಾಚಕರಿಗಾಗಿ, ಇಲ್ಲಿ ನಿರೂಪಿಸಿದ್ದೇವೆ. ಇಲ್ಲಿ ಬರುವ ಡಿಗ್ರಿಗಳೆಲ್ಲ ಸೆಂಟಿಗ್ರೇಡ್ ಮಾನದವು.

ಮೊದಲು ಬಾಯಾರಿಕೆಯನ್ನೂ ಬಿಸಿಯನ್ನೂ ಬೇರ್ಪಡಿಸಿಕೊಳ್ಳಬೇಕು. ಎಲೆಯ ಮೈಮೇಲಿನ ಸೂಕ್ಷ್ಮರಂಧ್ರಗಳಿಂದ ನೀರು ಆವಿಯಾಗಿ ಹೋಗುವಾಗ, ಮಣ್ಣಿನ ಹೂಜಿಯ ನೀರು ತಣ್ಣಗಾಗುವ ರೀತಿಯಲ್ಲಿಯೇ, ಎಲೆಯೂ ತಣ್ಣಗಾಗುತ್ತದೆ. ಬೇರಿಗೆ ನೀರು ಸಿಕ್ಕದಿದ್ದರೆ ಗಿಡವು ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ; ಆಗ ಎಲೆ ಕಾಯುತ್ತದೆ. ಆದುದರಿಂದ ಬರಗಾಲದ ಹೊಲದಲ್ಲಿ ಎರಡು ಬಾಧೆಗಳೂ ಕೂಡಿಯೇ ಬರುತ್ತವೆ. ಇವು ಒಂದೇ ಎಂದು ಭ್ರಮಿಸಲು ಇದೇ ಕಾರಣವಾಗಿದ್ದಿರಬೇಕು. ನೀರಿನ ಕೊರತೆಯಿಲ್ಲದ ಹೊಲದಲ್ಲಿಯೂ ಆವಿಯಿಂದ ದೊರೆಯುವ ತಂಪಿಗೆ ಒಂದು ಮಿತಿಯುಂಟು. ಆ ಮಿತಿಯನ್ನು ದಾಟಿದ ಬಿಸಿಯು ಜೀವಕೋಶದ ಒಳಕ್ಕೆ ಇಳಿಯುತ್ತದೆ.

ಒಳಗೆ ಅದು ಮಾಡುವ ಕೇಡು ಬಹುಮುಖವಾದುದು. ಜೀವಕೋಶದ ಕೆಲಸಗಳನ್ನೆಲ್ಲ ನಡೆಸುವವು ಪ್ರೋಟೀನುಗಳು. ಪ್ರೋಟೀನೆಂಬುದು ಒಂದು ಉದ್ದನೆಯ ಸರಪಳಿ. ಅದು ತನಗೆ ನಿಯತವಾದ ರೀತಿಯಲ್ಲಿ ಮಡಿಚಿಕೊಂಡಿದ್ದರೆ ಮಾತ್ರ ಕೆಲಸ ಮಾಡಬಲ್ಲದು. ಕಾವು ಏರಿದರೆ ಮಡಿಕೆಗಳು ಸಡಿಲವಾಗುತ್ತವೆ, ಒಳಗೆ ಅಡಗಿದ್ದ ಅಂಟುವ ಭಾಗಗಳು ಹೊರಗೆ ಬರುತ್ತವೆ, ಒಂದು ಪ್ರೋಟೀನು ಇನ್ನೊಂದಕ್ಕೆ ಅಂಟಿ ಗಡ್ಡೆಗಟ್ಟುತ್ತದೆ. ಕೋಳಿಮೊಟ್ಟೆಯ ಬಿಳಿಯ ಲೋಳೆ ಬೆಂದು ಗಟ್ಟಿಯಾಗುವುದು ಇದೇ ಕ್ರಿಯೆಯ ಕೊನೆಯ ಹಂತ. ಕೋಶವನ್ನು ಸುತ್ತಿರುವ ಪೊರೆಯು ಕೊಬ್ಬಿನಿಂದ ಆದುದು. ಬೇಸಗೆಯಲ್ಲಿ ಭರಣಿಯ ತುಪ್ಪ ನೀರಾಗುವಂತೆ ಅದು ಸಡಿಲಗೊಂಡು, ಒಳಗಿರಬೇಕಾದುದು ಹೊರಕ್ಕೂ ಹೊರಗಿರಬೇಕಾದುದು ಒಳಕ್ಕೂ ಸೋರಲು ತೊಡಗುತ್ತದೆ. ಬಿಸಿಲಿನಿಂದ ಆಹಾರವನ್ನು ಕಟ್ಟುವ ಕ್ಲೋರೋಪ್ಲಾಸ್ಟುಗಳಲ್ಲಿ ತೊಂದರೆ ಇನ್ನೂ ಬೇಗ ತೋರುತ್ತದೆ. ಗಾಳಿಯ ಇಂಗಾಲಾಮ್ಲವನ್ನು ಹಿಡಿಯುವ ರುಬಿಸ್ಕೋ ಎಂಬ ಕಿಣ್ವವು ಸಾಕಷ್ಟು ಬಿಸಿಯನ್ನು ತಾಳಬಲ್ಲುದು. ಆದರೆ ಅದನ್ನು ಕೆಲಸಕ್ಕೆ ಹಚ್ಚುವ ಸಹಾಯಕ ಪ್ರೋಟೀನು ಅದಕ್ಕಿಂತ ಎಷ್ಟೋ ಮೊದಲೇ ಸೋಲುತ್ತದೆ. ಯಜಮಾನ ಗಟ್ಟಿಯಾಗಿದ್ದು ಕಾರ್ಯಸ್ಥ ಮಲಗಿದ ಮನೆಯಂತೆ, ಸಾಮಗ್ರಿಗಳೆಲ್ಲ ಇದ್ದೂ ಕೆಲಸ ನಿಲ್ಲುತ್ತದೆ. 2022ರ ಗೋದಿಯ ಕಾಳಿನಲ್ಲಿ ಆದುದನ್ನೂ ಇದೇ ಬಗೆಯಲ್ಲಿ ತಿಳಿಯಬಹುದು. ಸಕ್ಕರೆಯನ್ನು ಪಿಷ್ಟವಾಗಿ ಕಟ್ಟುವ ಕಿಣ್ವಗಳಲ್ಲಿ ಒಂದು ಬಿಸಿಗೆ ಬಹಳ ನಾಜೂಕಾದುದು. ಎಲೆಯಿಂದ ಸಕ್ಕರೆ ಬಂದರೂ ಕಾಳು ಅದನ್ನು ಕಟ್ಟಿಕೊಳ್ಳಲಾರದೆ ಹೋಗುತ್ತದೆ. ಅದರ ಜೊತೆಗೆ ಬಿಸಿಯು ಬೆಳೆಯನ್ನು ಅವಸರದಿಂದ ಮಾಗಿಸಿ, ಕಾಳು ತುಂಬುವ ದಿನಗಳನ್ನೇ ಕಡಿಮೆ ಮಾಡುತ್ತದೆ.

ಈ ವಿಷಯದ ಅಧ್ಯಯನಕ್ಕೂ ಒಂದು ಇತಿಹಾಸವಿದೆ. ಅದು ನಮಗೆ ಹೆಚ್ಚು ಪರಿಚಿತವಾದ ನೆಲ. ಜರ್ಮನಿಯ ಯೂಲಿಯುಸ್ ಸಾಕ್ಸರು 1864ರಲ್ಲಿಯೇ ಸಸ್ಯಗಳು ತಾಳಬಲ್ಲ ಉಷ್ಣತೆಯ ಮೇಲಿನ ಎಲ್ಲೆಯನ್ನು ಕುರಿತು ಪ್ರಯೋಗಗಳನ್ನು ಪ್ರಕಟಿಸಿದ್ದರು. ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ತಾವೇ ರಚಿಸಿದ ಸೂಕ್ಷ್ಮ ಯಂತ್ರಗಳಿಂದ ಗಿಡಗಳ ಚಲನೆಯನ್ನು ಅಳೆದು, ಕಾಯಿಸುತ್ತ ಹೋದರೆ ಸುಮಾರು 60 ಡಿಗ್ರಿಯ ಬಳಿ ಗಿಡವು ಮರಣದ ಸೆಳೆತವೊಂದನ್ನು ತೋರುವುದೆಂದು ಬರೆದರು. ಇವರಿಬ್ಬರ ದಾರಿಗಳೂ ಬೇರೆ ಬೇರೆಯಾದರೂ ಕೇಳಿದ ಪ್ರಶ್ನೆ ಒಂದೇ: ಗಿಡ ಯಾವಾಗ ಸಾಯುತ್ತದೆ? ಸಾಯುವ ಮೊದಲು, ಸಾಯದಿರಲೆಂದು, ಅದು ಏನು ಮಾಡುತ್ತದೆ ಎಂಬ ಪ್ರಶ್ನೆಗೆ ದಾರಿ ತೆರೆದುದು ಒಂದು ನೊಣ.

ಇಟಲಿಯ ಫೆರುಚ್ಚೊ ರಿಟೊಸ್ಸ ಎಂಬ ವಿದ್ವಾಂಸರು ಹಣ್ಣಿನ ನೊಣದ ಮರಿಗಳ ಲಾಲಾಗ್ರಂಥಿಯ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಆ ತಂತುಗಳ ಮೇಲೆ ಜೀನುಗಳು ಕೆಲಸ ಮಾಡುವ ಕಡೆಗಳಲ್ಲಿ ಉಬ್ಬುಗಳು ಕಾಣುತ್ತವೆ. ಒಂದು ದಿನ ಯಾರೋ ಕಾವುಪೆಟ್ಟಿಗೆಯ ಉಷ್ಣತೆಯನ್ನು ಏರಿಸಿಬಿಟ್ಟಿದ್ದರು. ರಿಟೊಸ್ಸರು ನೋಡುವಾಗ ಹಳೆಯ ಉಬ್ಬುಗಳ ಬದಲು ಬೇರೆ ಕಡೆಗಳಲ್ಲಿ ಹೊಸ ಉಬ್ಬುಗಳು ಎದ್ದಿದ್ದುವು. ಬಿಸಿಯ ಪೆಟ್ಟು ಬಿದ್ದೊಡನೆ ಜೀವಕೋಶವು ಕೆಲವು ನಿರ್ದಿಷ್ಟ ಜೀನುಗಳನ್ನು ಎಬ್ಬಿಸುತ್ತದೆ ಎಂಬುದು ಅದರ ಅರ್ಥ. ಈ ಲೇಖನವು 1962ರಲ್ಲಿ ಅಚ್ಚಾಯಿತು. ಅದಕ್ಕೆ ಮೊದಲು ಗಣ್ಯ ಪತ್ರಿಕೆಯೊಂದು, ಜೀವಶಾಸ್ತ್ರಕ್ಕೆ ಇದರಿಂದ ಪ್ರಯೋಜನವಿಲ್ಲವೆಂಬ ಕಾರಣದಿಂದ, ಅದನ್ನು ಹಿಂದಿರುಗಿಸಿತ್ತೆಂದು ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ. 1974ರಲ್ಲಿ ತಿಸ್ಸಿಯೇರ್, ಮಿಚೆಲ್ ಮತ್ತು ಟ್ರೇಸಿ ಎಂಬ ಮೂವರು, ಎದ್ದ ಜೀನುಗಳು ಕೆಲವು ವಿಶೇಷ ಪ್ರೋಟೀನುಗಳನ್ನು ತಯಾರಿಸುತ್ತವೆಂದು ತೋರಿಸಿದರು. ಅವುಗಳಿಗೆ ಉಷ್ಣಾಘಾತ ಪ್ರೋಟೀನುಗಳೆಂದು ಹೆಸರಾಯಿತು.

ಗಿಡಗಳಲ್ಲಿಯೂ ಇವು ಇವೆಯೆಂಬುದು 1980 ಮತ್ತು 1981ರಲ್ಲಿ ತಿಳಿದುಬಂದಿತು. ಅಮೆರಿಕದ ಜಾರ್ಜಿಯ ವಿಶ್ವವಿದ್ಯಾನಿಲಯದಲ್ಲಿ ಜೋ ಕೀ ಅವರೂ ಅವರ ಸಂಗಡಿಗರೂ ಸೋಯಾ ಅವರೆಯ ಮೊಳಕೆಗಳನ್ನು ಎಂದಿನ ಕಾವಿನಿಂದ ತೆಗೆದು 40 ಡಿಗ್ರಿಯಲ್ಲಿ ಇಟ್ಟರು. ಕೂಡಲೆ ಮೊಳಕೆಯು ಎಂದಿನ ಪ್ರೋಟೀನುಗಳ ತಯಾರಿಕೆಯನ್ನು ಬಹಳಮಟ್ಟಿಗೆ ನಿಲ್ಲಿಸಿ, ಅದುವರೆಗೆ ಇಲ್ಲದಿದ್ದ ಒಂದು ಹೊಸ ಗುಂಪನ್ನು ತಯಾರಿಸಲು ತೊಡಗಿತು. ನೊಣದಲ್ಲಿ ಕಂಡವುಗಳ ಜೊತೆಗೆ ಇಲ್ಲಿ ಬಹು ಸಣ್ಣ ಪ್ರೋಟೀನುಗಳು ಹೇರಳವಾಗಿದ್ದುವು. ಇದು ಸಸ್ಯಗಳ ವಿಶೇಷ. ಅದೇ ಪ್ರಯೋಗಶಾಲೆಯವರು 1984ರಲ್ಲಿ ಪ್ರಕಟಿಸಿದ ಇನ್ನೊಂದು ಫಲಿತಾಂಶವು ನಮಗೆ ಅದಕ್ಕಿಂತಲೂ ಮುಖ್ಯವಾಗಿ ತೋರಿದೆ. 28 ಡಿಗ್ರಿಯ ಮೊಳಕೆಯನ್ನು ಒಮ್ಮೆಗೇ 45 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ ಅದು ಸಾಯುತ್ತದೆ. ಮೊದಲು ಸ್ವಲ್ಪ ಹೊತ್ತು 40 ಡಿಗ್ರಿಯಲ್ಲಿದ್ದು ಅನಂತರ 45ಕ್ಕೆ ಹೋದ ಮೊಳಕೆಯಾದರೆ ಬದುಕುತ್ತದೆ. ಕೊಂದೀತೆಂಬ ಬಿಸಿಯು ಕೊಲ್ಲದಂತೆ, ಅದಕ್ಕಿಂತ ಸಣ್ಣ ಬಿಸಿಯೊಂದು ಗಿಡವನ್ನು ಹದಗೊಳಿಸಿರುತ್ತದೆ. ನಾಟಿಗೆ ಮುನ್ನ ಸಸಿಮಡಿಗೆ ನೀರು ಕಡಿಮೆ ಮಾಡಿ ಸಸಿಯನ್ನು ಗಟ್ಟಿಮಾಡುವ ರೂಢಿ ನಮ್ಮ ತೋಟಗಾರರಲ್ಲಿಯೂ ಉಂಟು. ಎರಡರ ಒಳಗಿನ ಕ್ರಿಯೆ ಒಂದೇ ಎಂದು ಹೇಳುವಂತಿಲ್ಲವಾದರೂ ತತ್ತ್ವದಲ್ಲಿ ಹೋಲಿಕೆಯಿದೆ.

ಈ ಪ್ರೋಟೀನುಗಳು ಮಾಡುವುದಾದರೂ ಏನು? ಅವುಗಳಲ್ಲಿ ಹೆಚ್ಚಿನವು ಬೆಂಗಾವಲಿನ ಕೆಲಸ ಮಾಡುವವು. ಆಂಗ್ಲ ಸಮಾಜದಲ್ಲಿ ತರುಣಿಯೊಬ್ಬಳು ಹೊರಗೆ ಹೋಗುವಾಗ ಅನುಚಿತವಾದ ಸಹವಾಸ ಆಗದಿರಲೆಂದು ಜೊತೆಗೆ ಬರುತ್ತಿದ್ದ ಹಿರಿಯ ಹೆಂಗಸಿಗೆ ಶಾಪೆರೋನ್ ಎನ್ನುತ್ತಿದ್ದರು. 1978ರಲ್ಲಿ ಬೇರೊಂದು ಪ್ರೋಟೀನಿಗೆ ಬಳಕೆಯಾಗಿದ್ದ ಈ ಮಾತನ್ನು 1987ರಲ್ಲಿ ವಾರ್ವಿಕ್ಕಿನ ಜಾನ್ ಎಲ್ಲಿಸ್ ಅವರು ಇಡೀ ವರ್ಗಕ್ಕೆ ವಿಸ್ತರಿಸಿದರು. ಎಲ್ಲಿಸ್ ಅವರಿಗೆ ಈ ಯೋಚನೆ ಬಂದುದು ಬಟಾಣಿಯ ಎಲೆಯಿಂದ ಎಂಬುದು ಗಮನಾರ್ಹ. ರುಬಿಸ್ಕೋವಿನ ತುಂಡುಗಳು ಒಂದುಗೂಡುವ ಮುನ್ನ ಅವುಗಳಿಗೆ ಅಂಟಿಕೊಂಡಿರುವ ಪ್ರೋಟೀನೊಂದನ್ನು ಅವರು ಕ್ಲೋರೋಪ್ಲಾಸ್ಟಿನಲ್ಲಿ ಕಂಡಿದ್ದರು. ಬಿಸಿಯಲ್ಲಿ ಮಡಿಕೆ ಬಿಚ್ಚಿದ ಪ್ರೋಟೀನನ್ನು ಸಣ್ಣ ಬೆಂಗಾವಲುಗಳು ಹಿಡಿದುಕೊಂಡು, ಅದು ಬಿಡಿಸಲಾರದ ಗಡ್ಡೆಯಾಗದಂತೆ ಕಾಯುತ್ತವೆ. ಅನಂತರ ಎಚ್‌ಎಸ್‌ಪಿ 70 ಎಂಬ ದೊಡ್ಡ ಬೆಂಗಾವಲು ಅದನ್ನು ಮತ್ತೆ ಮಡಿಸಲು ನೆರವಾಗುತ್ತದೆ. ಗಡ್ಡೆ ಕಟ್ಟಿಯೇ ಹೋದರೆ ಎಚ್‌ಎಸ್‌ಪಿ 101 ಎಂಬುದು ಬರಬೇಕು. ಅದು ಬಳೆಯಂತೆ ಇದೆ. ಸಿಕ್ಕುಬಿದ್ದ ಲಡಿಯಿಂದ ನೂಲಿನ ಎಳೆಯನ್ನು ಹಿಡಿದು ಎಳೆಯುವಂತೆ, ತನ್ನ ನಡುವಿನ ರಂಧ್ರದ ಮೂಲಕ ಪ್ರೋಟೀನನ್ನು ಒಂದೊಂದಾಗಿ ಎಳೆದು ಬಿಡಿಸುತ್ತದೆ. ಸಾಸಿವೆಯ ಕುಲಕ್ಕೆ ಸೇರಿದ ಅರಬಿಡಾಪ್ಸಿಸ್ ಎಂಬ ಪುಟ್ಟ ಕಳೆಗಿಡವನ್ನು ಸಸ್ಯಶಾಸ್ತ್ರಜ್ಞರು ಪ್ರಯೋಗಕ್ಕೆ ಬಹಳ ಬಳಸುತ್ತಾರೆ. ಎಚ್‌ಎಸ್‌ಪಿ 101 ಇಲ್ಲದ ಅರಬಿಡಾಪ್ಸಿಸ್ ಗಿಡವು ಎಂದಿನ ಹವೆಯಲ್ಲಿ ಇತರ ಗಿಡಗಳಂತೆಯೇ ಬೆಳೆಯುತ್ತದೆ, ಆದರೆ ಎಷ್ಟು ಹದಗೊಳಿಸಿದರೂ ದೊಡ್ಡ ಬಿಸಿಯನ್ನು ತಾಳಲಾರದು ಎಂದು 2000ದಲ್ಲಿ ತಿಳಿದುಬಂದಿತು.

ಇನ್ನು ಅರಿವಿನ ಪ್ರಶ್ನೆ. ಕಣ್ಣಿಲ್ಲದ, ನರವಿಲ್ಲದ ಕೋಶಕ್ಕೆ ಬಿಸಿಯಾಯಿತೆಂದು ತಿಳಿಯುವುದು ಹೇಗೆ? ನಾವು ಓದಲು ಕುಳಿತಾಗ, ಕೋಶದಲ್ಲಿ ಎಲ್ಲಿಯೋ ಒಂದು ಉಷ್ಣಮಾಪಕವಿದ್ದು ಅದನ್ನು ವಿಜ್ಞಾನಿಗಳು ಹುಡುಕಿ ತೆಗೆದಿರಬೇಕೆಂದು ಎಣಿಸಿದ್ದೆವು. ಹಾಗಿಲ್ಲ. ಬಿಸಿಯಿಂದ ಕೆಡುವ ಅಂಗಗಳೇ ಬಿಸಿಯ ಸುದ್ದಿಯನ್ನೂ ಕೊಡುತ್ತವೆ ಎಂಬುದು ಈ ಅಧ್ಯಯನಗಳಿಂದ ಮೂಡಿಬರುವ ಚಿತ್ರ.

ಇದಕ್ಕೆ ಮೊದಲ ನಿದರ್ಶನ ಬೆಂಗಾವಲು ಪ್ರೋಟೀನುಗಳೇ. ಉಷ್ಣಾಘಾತದ ಜೀನುಗಳನ್ನು ಎಬ್ಬಿಸುವ ನಿಯಾಮಕ ಪ್ರೋಟೀನುಗಳು ಕೋಶದಲ್ಲಿ ಮೊದಲಿಂದಲೂ ಇರುತ್ತವೆ; ಆದರೆ ತಂಪು ಹೊತ್ತಿನಲ್ಲಿ ಎಚ್‌ಎಸ್‌ಪಿ 70 ಮತ್ತು 90 ಎಂಬ ಬೆಂಗಾವಲುಗಳು ಅವುಗಳನ್ನು ಹಿಡಿದು ಕೂರಿಸಿರುತ್ತವೆ. ಬಿಸಿಯಾದಾಗ ಮಡಿಕೆ ಬಿಚ್ಚಿದ ಪ್ರೋಟೀನುಗಳು ಎಲ್ಲೆಡೆಯೂ ಹೆಚ್ಚುತ್ತವೆ, ಬೆಂಗಾವಲುಗಳು ಆ ಕಡೆಗೆ ಧಾವಿಸುತ್ತವೆ, ಬಿಡುಗಡೆ ಹೊಂದಿದ ನಿಯಾಮಕಗಳು ಮೂರು ಮೂರಾಗಿ ಕೂಡಿ ಕೋಶಕೇಂದ್ರದಲ್ಲಿ ಜೀನುಗಳ ಮೇಲೆ ಕುಳಿತು ಹೊಸ ಬೆಂಗಾವಲುಗಳ ತಯಾರಿಕೆಗೆ ಅಪ್ಪಣೆ ಕೊಡುತ್ತವೆ. ತಯಾರಾದವು ಸಾಕಷ್ಟಾದ ಮೇಲೆ ಉಳಿದವು ಬಂದು ನಿಯಾಮಕಗಳನ್ನು ಮತ್ತೆ ಹಿಡಿದು ಕೂರಿಸುತ್ತವೆ. ಊರಿನಲ್ಲಿ ಬೆಂಕಿ ಬಿದ್ದಾಗ ಸೆರೆಮನೆಯ ಕಾವಲುಗಾರರೆಲ್ಲ ನೀರು ಹೊರಲು ಓಡಿ, ಒಳಗಿದ್ದವರು ಹೊರಬಿದ್ದು, ಅವರೇ ಇನ್ನಷ್ಟು ಕಾವಲುಗಾರರನ್ನು ಕರೆತಂದಂತೆ. ಉಪಮಾನ ಸ್ವಲ್ಪ ವಿಚಿತ್ರವಾದುದು, ಆದರೆ ವ್ಯವಸ್ಥೆಯೇ ವಿಚಿತ್ರವಾದುದು. ಇಲ್ಲಿ ಕೋಶವು ಅಳೆಯುತ್ತಿರುವುದು ಉಷ್ಣತೆಯನ್ನಲ್ಲ, ಉಷ್ಣತೆಯಿಂದಾದ ಹಾನಿಯನ್ನು.

ಸಸ್ಯಗಳ ಇಂತಹ ನಿಯಾಮಕಗಳನ್ನು ಮೊದಲು 1990ರಲ್ಲಿ ಟೊಮೇಟೊ ಗಿಡದಿಂದ ಬೇರ್ಪಡಿಸಿದವರು ಜರ್ಮನಿಯ ಷಾರ್ಫ್, ನೋವರ್ ಮೊದಲಾದವರು. ಯೀಸ್ಟಿನಲ್ಲಿ ಒಂದೇ, ಹಣ್ಣಿನ ನೊಣದಲ್ಲಿಯೂ ಒಂದೇ ಇರುವ ಈ ನಿಯಾಮಕವು ಅರಬಿಡಾಪ್ಸಿಸ್‌ನಲ್ಲಿ 21 ಬಗೆಯಾಗಿ ಕವಲೊಡೆದಿದೆ. ನೊಣ ನೆರಳಿಗೆ ಹಾರಬಲ್ಲುದು. ಬೇರೂರಿದುದಕ್ಕೆ ಆ ಅನುಕೂಲವಿಲ್ಲ. ಕವಲುಗಳಿಗೆ ಇದೇ ಕಾರಣವೆಂದು ಊಹಿಸುವುದು ಸಹಜ. ಆ ಬಹುಸಂಖ್ಯೆಯಲ್ಲಿಯೂ ಒಂದು ಹಿರಿತನವಿದೆ. ಎ 1 ಎಂದು ಗುರುತಿಸಲಾದ ನಿಯಾಮಕವನ್ನು ಅಡಗಿಸಿದ ಟೊಮೇಟೊ ಗಿಡದಲ್ಲಿ ಮಿಕ್ಕವು ಯಾವುವೂ ಅದರ ಸ್ಥಾನವನ್ನು ತುಂಬಲಾರವೆಂದು 2002ರಲ್ಲಿ ತೋರಿಸಲಾಯಿತು.

ಹಾನಿಯನ್ನು ಕಾದು ನೋಡದೆ ಮುಂಚೆಯೇ ಎಚ್ಚರಿಸುವ ಅಂಗವೂ ಇದೆ. ಅದು ಕೋಶದ ಪೊರೆ. ಸ್ವಿಟ್ಸರ್ಲೆಂಡಿನ ಲೋಸಾನ್ನಿನಲ್ಲಿ ಒಂದು ಬಗೆಯ ಹಾವಸೆಯ ಮೇಲೆ ನಡೆದ ಪ್ರಯೋಗಗಳು 2009ರಲ್ಲಿ ಪ್ರಕಟವಾದುವು. ಕಾವು ಏರಿ ಪೊರೆ ಸಡಿಲವಾದೊಡನೆ ಅದರಲ್ಲಿರುವ ಕೆಲವು ಕಿಂಡಿಗಳು ತೆರೆದುಕೊಂಡು, ಹೊರಗಿನ ಕ್ಯಾಲ್ಸಿಯಂ ಒಳಕ್ಕೆ ಹರಿಯುತ್ತದೆ. ಆ ಹರಿವನ್ನು ತಡೆದರೆ ಉಷ್ಣಾಘಾತದ ಜೀನುಗಳು ಸರಿಯಾಗಿ ಏಳುವುದಿಲ್ಲ. ಒಳಗೆ ಇನ್ನೂ ಯಾವ ಪ್ರೋಟೀನೂ ಕೆಟ್ಟಿರದ ಹೊತ್ತಿನಲ್ಲಿ ಬರುವ ಸುದ್ದಿ ಇದು. ಆದುದರಿಂದ ಹದಗೊಳ್ಳುವುದಕ್ಕೆ ಸಮಯ ದೊರೆಯುತ್ತದೆ.

ಇವಲ್ಲದೆ, ಬಾಧೆಯೆನಿಸದ ಹಿತವಾದ ಬಿಸುಪನ್ನು ಗುರುತಿಸುವ ಅಂಗಗಳೂ ಇವೆ. ಬೆಳಕನ್ನು ಗ್ರಹಿಸುವ ಫೈಟೋಕ್ರೋಮ್ ಬಿ ಎಂಬ ಪ್ರೋಟೀನು ಬೆಳಕಿನಲ್ಲಿ ಪಡೆದ ಚುರುಕನ್ನು ಕತ್ತಲೆಯಲ್ಲಿ ಕ್ರಮೇಣ ಕಳೆದುಕೊಳ್ಳುತ್ತದೆ; ರಾತ್ರಿ ಬೆಚ್ಚಗಿದ್ದರೆ ಬೇಗ, ತಣ್ಣಗಿದ್ದರೆ ತಡವಾಗಿ. ಈ ವೇಗದ ವ್ಯತ್ಯಾಸದಿಂದಲೇ ಗಿಡವು ಬಿಸುಪನ್ನು ತಿಳಿಯುತ್ತದೆಂದು 2016ರಲ್ಲಿ ಕೇಂಬ್ರಿಡ್ಜಿನಿಂದಲೂ ಬ್ಯೂನಸ್ ಐರಿಸ್‌ನಿಂದಲೂ ಏಕಕಾಲಕ್ಕೆ ವರದಿಗಳು ಬಂದುವು. 2020ರಲ್ಲಿ ಇಎಲ್‌ಎಫ್ 3 ಎಂಬ ಇನ್ನೊಂದು ಪ್ರೋಟೀನು ಬಿಸುಪಿನಲ್ಲಿ ಹನಿಹನಿಯಾಗಿ ಗುಂಪುಗೂಡಿ ಕೆಲಸ ನಿಲ್ಲಿಸುವುದು ತಿಳಿದುಬಂದಿತು. ಇವು ಗಿಡದ ಕಾಂಡ ಉದ್ದವಾಗುವುದನ್ನೂ ಹೂಬಿಡುವ ಕಾಲವನ್ನೂ ನಿರ್ಣಯಿಸುತ್ತವೆ. ಸುಡುವ ಬಿಸಿಯ ವಿಷಯ ಬೇರೆ. ಕೆಲವು ಬರಹಗಳಲ್ಲಿ ಎರಡನ್ನೂ ಬೆರಸಿ ಹೇಳಿರುವುದರಿಂದ ಮೊದಲು ನಾವೂ ತಪ್ಪು ತಿಳಿದಿದ್ದೆವು. ಇವುಗಳಲ್ಲಿ ಯಾವುದನ್ನು ನಿಜವಾದ ಸಂವೇದಕವೆಂದು ಕರೆಯಬೇಕೆಂಬ ಚರ್ಚೆ ವಿದ್ವಾಂಸರಲ್ಲಿ ಮುಗಿದಿಲ್ಲ. ಬಿಸಿಯಲ್ಲಿ ಬದಲಾಗದ ವಸ್ತು ಕೋಶದಲ್ಲಿ ಇಲ್ಲವೆಂದೇ ಹೇಳಬೇಕು, ಬದಲಾದುದೆಲ್ಲವೂ ಸಾಕ್ಷಿಯಾಗದು. ತಾನು ಬದಲಾಗಿ, ಆ ಬದಲಾವಣೆಯ ಮೂಲಕವೇ ಮುಂದಿನ ಕ್ರಿಯೆಯನ್ನು ನಡೆಸಿದ್ದರೆ ಮಾತ್ರ ಅದನ್ನು ಸಾಕ್ಷಿಯೆನ್ನಬೇಕು. ಶಾಸನಗಳನ್ನು ಓದುವಾಗ ನಾವು ಒಡ್ಡುವ ಪರೀಕ್ಷೆಯೂ ಇದಕ್ಕೆ ದೂರವಾದುದಲ್ಲ.

ಹದಗೊಂಡ ಗಿಡವು ಆ ಹದವನ್ನು ಕೆಲವು ದಿನಗಳವರೆಗೆ ಉಳಿಸಿಕೊಳ್ಳುತ್ತದೆ. ಇದನ್ನು ಸಸ್ಯಶಾಸ್ತ್ರಜ್ಞರು ಸ್ಮೃತಿಯೆಂದೇ ಕರೆಯುತ್ತಾರೆ. ಇತಿಹಾಸಕಾರರು ಈ ಪದದ ಬಳಿ ನಿಲ್ಲದೆ ಹೋಗಲಾರರು. ಜೀನುಗಳ ಎಳೆಯು ಹಿಸ್ಟೋನ್ ಎಂಬ ಪ್ರೋಟೀನಿನ ಉಂಡೆಗಳ ಸುತ್ತ ಸುತ್ತಿಕೊಂಡಿರುತ್ತದೆ. ಬಿಸಿಯಲ್ಲಿ ಕೆಲಸ ಮಾಡಿದ ಕೆಲವು ಜೀನುಗಳ ಬಳಿಯ ಉಂಡೆಗಳ ಮೇಲೆ ಎ 2 ಎಂಬ ನಿಯಾಮಕದ ನೆರವಿನಿಂದ ಒಂದು ರಾಸಾಯನಿಕ ಗುರುತು ಬೀಳುತ್ತದೆ. ಜೀನಿನ ಕೆಲಸ ನಿಂತ ಮೇಲೆಯೂ, ಕಡಮೆಯೆಂದರೆ ಎರಡು ದಿನ, ಆ ಗುರುತು ಅಳಿಯದೆ ಉಳಿಯುವುದೆಂದು ಜರ್ಮನಿಯ ಪಾಟ್ಸ್‌ಡ್ಯಾಮಿನಿಂದ 2016ರಲ್ಲಿ ವರದಿಯಾಯಿತು. ಮತ್ತೆ ಬಿಸಿಯಾದರೆ ಗುರುತುಳ್ಳ ಜೀನು ಮೊದಲಿಗಿಂತ ಬಲವಾಗಿ ಏಳುತ್ತದೆ. ಆದರೆ ಮರೆಯುವುದಕ್ಕೂ ವ್ಯವಸ್ಥೆಯಿದೆ. ಕೋಶವು ಉಳಿದ ಬೆಂಗಾವಲುಗಳನ್ನು ತಾನೇ ಒಡೆದು ಕರಗಿಸಿ ಹದವನ್ನು ಕಳೆದುಕೊಳ್ಳುತ್ತದೆಂದು 2019ರಲ್ಲಿ ತೋರಿಸಲಾಗಿದೆ. ಯಾವಾಗಲೂ ಎಚ್ಚರದಲ್ಲಿರುವುದು ಬೆಳವಣಿಗೆಗೆ ಒಳ್ಳೆಯದಲ್ಲ. ಉಷ್ಣಬಾಧೆಯ ಕೆಲವು ಜೀನುಗಳನ್ನು ಸದಾ ಎಬ್ಬಿಸಿಟ್ಟ ಗಿಡಗಳು ಕುಳ್ಳಾಗಿ ಸೊರಗಿದುದನ್ನು ಪ್ರಯೋಗಗಳಲ್ಲಿ ಕಂಡಿದ್ದಾರೆ.

ಇಷ್ಟೆಲ್ಲ ರಕ್ಷಣೆಯಿದ್ದೂ ಹಸುರು ಪೈರಿನ ಮೇಲೆ ಜೊಳ್ಳು ತೆನೆ ನಿಲ್ಲುವುದೇಕೆ? ಗೋದಿಯ ಕಾಳಿನ ಮಾತನ್ನು ಮೇಲೆ ಹೇಳಿದೆ. ಭತ್ತದಲ್ಲಿ ಮತ್ತು ಮೆಕ್ಕೆಜೋಳದಲ್ಲಿ ಕೇಡು ಅದಕ್ಕಿಂತ ಮೊದಲೇ, ಹೂವಿನಲ್ಲಿ ಆಗುತ್ತದೆ. ನಾವು ಇದುವರೆಗೆ ವರ್ಣಿಸಿದ ವ್ಯವಸ್ಥೆ ಎಲೆಯದು, ಬೇರಿನದು, ಮೊಳಕೆಯದು. ಬಲಿತ ಪರಾಗದ ಕಣಕ್ಕೆ ಅದು ಇಲ್ಲ, ಅಥವಾ ಬಹಳ ದುರ್ಬಲವಾಗಿದೆ. ಮೆಕ್ಕೆಜೋಳದ ಬಲಿತ ಪರಾಗವು ಬಿಸಿಗೆ ಸಿಕ್ಕಿದಾಗ ಉಷ್ಣಾಘಾತ ಪ್ರೋಟೀನುಗಳನ್ನು ತಯಾರಿಸುವುದಿಲ್ಲ, ಅದೇ ಗಿಡದ ಸ್ತ್ರೀ ಭಾಗಗಳು ತಯಾರಿಸುತ್ತವೆ ಎಂದು ಫ್ರಾನ್ಸಿನ ಇಬ್ಬರು ವಿದ್ವಾಂಸರು 1990ರಲ್ಲಿ ಬರೆದರು. ಭತ್ತದ ಹೂವು ತೆರೆದಿರುವುದು ದಿನದಲ್ಲಿ ಸುಮಾರು ಒಂದು ಗಂಟೆ, ಸಾಮಾನ್ಯವಾಗಿ ಬೆಳಗಿನಿಂದ ಮಧ್ಯಾಹ್ನದೊಳಗೆ. ಆ ಹೊತ್ತಿನಲ್ಲಿ ಬಿಸಿ 35 ಡಿಗ್ರಿಯನ್ನು ದಾಟಿದ್ದರೆ ಪರಾಗಕೋಶ ಸರಿಯಾಗಿ ಬಿರಿಯುವುದಿಲ್ಲ, ಬಿದ್ದ ಪರಾಗ ಮೊಳೆಯುವುದಿಲ್ಲ, ಆ ಕಾಳು ಜೊಳ್ಳಾಗುತ್ತದೆ. ಸಂಜೆ ತಂಪಾದರೂ, ಮರುದಿನ ಮಳೆ ಬಂದರೂ, ಆ ಹೂವಿಗೆ ಪ್ರಯೋಜನವಿಲ್ಲ. ತುಂಗಭದ್ರೆಯ ಅಚ್ಚುಕಟ್ಟಿನಲ್ಲಿ ಬೇಸಗೆಯ ಭತ್ತವನ್ನು ಬೆಳೆಯುವವರಿಗೆ ಇದು ದೂರದ ಮಾತಲ್ಲ.

ತಾಳಿಕೆಯುಳ್ಳ ತಳಿಗಳು ಎಲ್ಲಿ ದೊರೆತುವು ಎಂಬುದು ಚರಿತ್ರೆಗೆ ಸಂಬಂಧಿಸಿದ ಸಂಗತಿ. ನಾವು ಉಣ್ಣುವುದು ಏಷ್ಯದ ಭತ್ತ. ಪಶ್ಚಿಮ ಆಫ್ರಿಕದ ನೈಜರ್ ನದಿಯ ಕಡೆಯ ಜನರು ಸುಮಾರು ಮೂರು ಸಾವಿರ ವರ್ಷಗಳ ಹಿಂದೆ ಬೇರೊಂದು ಕಾಡುಹುಲ್ಲಿನಿಂದ ತಮ್ಮದೇ ಭತ್ತವನ್ನು ಪಳಗಿಸಿಕೊಂಡಿದ್ದರು. ಇಳುವರಿ ಹೆಚ್ಚಿರುವ ಏಷ್ಯದ ಭತ್ತವು ಅಲ್ಲಿಗೆ ಹೋದ ಮೇಲೆ ಅದು ಮೂಲೆಗೆ ಸರಿಯಿತು. ಷಾಂಘೈಯ ವಿದ್ವಾಂಸರು 2015ರಲ್ಲಿ ಆ ಮೂಲೆಯ ಭತ್ತದಿಂದ ಟಿಟಿ 1 ಎಂಬ ಜೀನನ್ನು ಗುರುತಿಸಿದರು. ಕೆಟ್ಟ ಪ್ರೋಟೀನುಗಳನ್ನು ಅರೆದುಹಾಕುವ ಗಿರಣಿಯಂತಹ ರಚನೆಯೊಂದು ಪ್ರತಿ ಕೋಶದಲ್ಲಿಯೂ ಇದೆ. ಆ ಗಿರಣಿಯ ಒಂದು ಭಾಗದ ಆಫ್ರಿಕದ ರೂಪವು ಬಿಸಿಯಲ್ಲಿ ಹೆಚ್ಚು ಚುರುಕಾಗಿ ಕೆಲಸ ಮಾಡುತ್ತದೆ. ಸರಿಪಡಿಸಲಾಗದುದನ್ನು ಬೇಗ ತೆಗೆದುಹಾಕುವುದೂ ಒಂದು ರಕ್ಷಣೆಯೇ. 2022ರಲ್ಲಿ ಅದೇ ಆಫ್ರಿಕದ ಭತ್ತದಲ್ಲಿ ಟಿಟಿ 3 ಎಂಬ ಜೋಡಿ ಜೀನುಗಳು ದೊರೆತುವು. ಜೋಡಿಯ ಒಂದು ಪ್ರೋಟೀನು ಕೋಶದ ಪೊರೆಯಲ್ಲಿದ್ದು, ಬಿಸಿಯಾದಾಗ ಒಳಕ್ಕೆ ಸರಿದು, ಕ್ಲೋರೋಪ್ಲಾಸ್ಟಿಗೆ ಕೇಡು ಮಾಡಬಹುದಾದ ಇನ್ನೊಂದನ್ನು ದಾರಿಯಲ್ಲಿಯೇ ಹಿಡಿದು ನಾಶಕ್ಕೆ ಒಪ್ಪಿಸುತ್ತದೆ. ಪೊರೆಯ ಅರಿವೂ ಕ್ಲೋರೋಪ್ಲಾಸ್ಟಿನ ರಕ್ಷಣೆಯೂ ಇಲ್ಲಿ ಒಂದೇ ಸರಪಳಿಯಾಗಿ ಸೇರಿವೆ.

ಭಾರತದ ಭತ್ತಗಳಲ್ಲಿ ಎನ್ 22 ಎಂಬುದು ಈ ಗುಣಕ್ಕೆ ಹೆಸರಾದುದು. ಅಕ್ಷರವು ಉತ್ತರ ಪ್ರದೇಶದ ನಗೀನಾ ಎಂಬ ಊರನ್ನು ಸೂಚಿಸುತ್ತದೆ. 2010ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಹೂಬಿಡುವ ಹೊತ್ತಿಗೆ 38 ಡಿಗ್ರಿಯ ಬಿಸಿಗೆ ಒಡ್ಡಿದ ಮೂರು ತಳಿಗಳ ಪೈಕಿ ಇದರ ತೆನೆಯಲ್ಲಿಯೇ ಹೆಚ್ಚು ಕಾಳು ಕಟ್ಟಿತು. ಅದರ ಪರಾಗಕೋಶಗಳಲ್ಲಿ ಉಷ್ಣಾಘಾತ ಪ್ರೋಟೀನು ಹೆಚ್ಚಿದುದೂ ಕಂಡುಬಂದಿತು. ಇಳುವರಿಯಲ್ಲಿ ಎನ್ 22 ಹಿಂದುಳಿದುದು. ಆದುದರಿಂದ ಅದನ್ನೇ ಬಿತ್ತುವುದಕ್ಕಿಂತ ಅದರ ಗುಣವನ್ನು ಇಳುವರಿಯುಳ್ಳ ತಳಿಗಳಿಗೆ ತರುವ ಪ್ರಯತ್ನ ನಡೆಯುತ್ತಿದೆ. ಬೇರೆ ಕೆಲವರು ಕಾಡುಭತ್ತವೊಂದರಿಂದ, ಹೂವನ್ನು ಬೆಳಗಿನ ತಂಪಿನಲ್ಲಿಯೇ ತೆರೆಯುವ ಗುಣವನ್ನು ತಂದಿದ್ದಾರೆ. ಇದು ಬಿಸಿಯನ್ನು ತಾಳುವ ಉಪಾಯವಲ್ಲ, ತಪ್ಪಿಸಿಕೊಳ್ಳುವ ಉಪಾಯ. ನೊಣದ ಜಾಣ್ಮೆ ಗಿಡಕ್ಕೂ ಅಷ್ಟುಮಟ್ಟಿಗೆ ಬಂದಂತಾಯಿತು.

ನಮ್ಮ ಕೆಲಸಕ್ಕೆ ಇದರಿಂದ ಒದಗಿದುದು ಒಂದು ಹೊಸ ಪ್ರಶ್ನೆ. ಭಾರತದ ಹವಾಮಾನ ಇಲಾಖೆ 1875ರಲ್ಲಿ ಸ್ಥಾಪಿತವಾಯಿತು. ಅಲ್ಲಿಂದ ಈಚಿನ ಕಾಲಕ್ಕೆ ಮಳೆಯ ಅಂಕಿಗಳ ಜೊತೆಗೆ ಉಷ್ಣತೆಯ ಅಂಕಿಗಳೂ ಉಂಟು. ಅವನ್ನು ವರ್ಷದ ಸರಾಸರಿಯಾಗಿ ನೋಡಿದರೆ ಏನೂ ತಿಳಿಯದು. ಪೈರು ಹೂಬಿಟ್ಟ, ಹಾಲುತುಂಬಿದ ವಾರಗಳನ್ನು ಮಾತ್ರ ತೆಗೆದು ಆಣೆವಾರಿಯ ಪಕ್ಕದಲ್ಲಿಟ್ಟು ನೋಡಬೇಕು. ಮಳೆ ಸಾಕಷ್ಟಾಗಿದ್ದರೂ ಬೆಳೆ ಆರಾಣೆಗೆ ಇಳಿದ ವರ್ಷವೊಂದು ಎದುರಾದರೆ, ಹಿಂದೆ ನಾವು ಅದನ್ನು ರೋಗದ ಅಥವಾ ಕೀಟದ ತಲೆಗೆ ಕಟ್ಟುತ್ತಿದ್ದೆವು, ಇಲ್ಲವೇ ಶಾನುಭೋಗರ ಬರಹವನ್ನು ಶಂಕಿಸುತ್ತಿದ್ದೆವು. ಈಗ ಆ ಊರಿಗೆ ಹತ್ತಿರದ ಉಷ್ಣತೆಯ ದಿನಚರಿಯನ್ನು ತರಿಸಿಕೊಂಡು, ಆ ವಾರಗಳ ಮಧ್ಯಾಹ್ನಗಳನ್ನು ಮೊದಲು ಓದುತ್ತೇವೆ.